ಟಾರ್ ರಸ್ತೆಯನ್ನು ಓದುವುದು: ನ್ಯಾವಿಗೇಟರ್ ಸೀಟಿನಿಂದ ಏಳು ಪಾಠ

ಘಾಜಿಯಾಬಾದಿನ ಇಂದಿರಾಪುರಂನಲ್ಲಿ ಮನೆ ಮಾಡಿಕೊಂಡಿರುವ ನ್ಯಾವಿಗೇಟರ್ ನಾನು; ಡ್ರೈವರಿನ ಪಕ್ಕ ಕೂತು ದಾರಿ ಓದಿ ಹೇಳುವವನು. ಕೆಲಸ ಕಲಿತದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ಗೆ ಸೇರಿದ್ದ ಇಂಡಿಯಾ ರ‍್ಯಾಲಿ ನಡೆಯುತ್ತಿದ್ದುದೂ ಅಂಥ ದಾರಿಗಳಲ್ಲೇ. ಈಗ ದಿಲ್ಲಿ ಸುತ್ತಮುತ್ತ, ಕೊಟ್ಟ ವೇಗದಲ್ಲಿ ಕೊಟ್ಟ ಹೊತ್ತಿಗೆ ತಲುಪಬೇಕಾದ ಟಿಎಸ್‌ಡಿ ರ‍್ಯಾಲಿಗಳಲ್ಲಿ ನ್ಯಾವಿಗೇಟ್ ಮಾಡುತ್ತೇನೆ, ಹುಡುಗ ಹುಡುಗಿಯರಿಗೆ ತಿರುವು ತಿರುವಿನ ವಿವರವಾದ ಪೇಸ್ ನೋಟ್ಸ್ ಬರೆಯುವುದನ್ನು ಹೇಳಿಕೊಡುತ್ತೇನೆ. ಅವರಲ್ಲಿ ಹೆಚ್ಚಿನವರ ಕನಸು ಮಾಂಟೆ ಕಾರ್ಲೊ, ಕಾರ್ಸಿಕಾ, ಜಪಾನಿನಂಥ ಟಾರ್ ರ‍್ಯಾಲಿ. ಮೂರು ನಾಲ್ಕು ದಿನದ ಆ ಸ್ಪರ್ಧೆಗೆ ಬೇಕಾದ ಶಿಸ್ತಿನ ಬಹುಪಾಲನ್ನು ಇಲ್ಲಿಂದಲೇ ಕಲಿಯಬಹುದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಬೆಳಿಗ್ಗೆ ನೋಡಿದ ಟಾರ್ ಮಧ್ಯಾಹ್ನಕ್ಕೆ ಇರುವುದಿಲ್ಲ.

ಮಣ್ಣಿನ ರ‍್ಯಾಲಿಯಲ್ಲಿ ಮೊದಲು ಹೋಗುವವನ ಪಾಡು ಕಷ್ಟ. ಸಡಿಲ ಜಲ್ಲಿಯನ್ನು ಅವನ ಟೈರುಗಳು ಪಕ್ಕಕ್ಕೆ ತಳ್ಳುತ್ತವೆ, ಹಿಂದೆ ಬರುವವರಿಗೆ ಗಟ್ಟಿ ನೆಲ ಸಿಗುತ್ತದೆ. ಟಾರಿನಲ್ಲಿ ಇದು ತಲೆಕೆಳಗು. ಮೊದಲ ಕಾರಿಗೆ ಶುಭ್ರ ರಸ್ತೆ. ಆದರೆ ಪ್ರತಿ ಕಾರೂ ತಿರುವಿನ ಒಳಅಂಚನ್ನು ಕತ್ತರಿಸಿಕೊಂಡು ಹೋಗುತ್ತದೆ, ಚಕ್ರ ಅಂಚಿನ ಮಣ್ಣಿಗಿಳಿದು ಮೇಲೇರುವಾಗ ಮಣ್ಣು, ಕಲ್ಲು, ಹುಲ್ಲು ಟಾರಿನ ಮೇಲೆ ಬಂದು ಬೀಳುತ್ತವೆ. ಹತ್ತನೆಯ ಕಾರು ಬರುವ ಹೊತ್ತಿಗೆ ಆ ತಿರುವಿನಲ್ಲಿ ಹಿಡಿತವೇ ಬೇರೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ದಿನ ಕಾರುಗಳು ಹೊರಡುವುದು ಅಂಕಪಟ್ಟಿಯ ಕ್ರಮದಲ್ಲಿ. ಹಾಗಾಗಿ ಮಣ್ಣಿನಲ್ಲಿ ಶಿಕ್ಷೆ ಅನುಭವಿಸುವ ಅಗ್ರಸ್ಥಾನಿಗೆ ಟಾರಿನಲ್ಲಿ ಅದೇ ಸ್ಥಾನ ವರವಾಗುತ್ತದೆ.

ಇದು ಮನಸ್ಸಿಗೆ ಇಳಿಯಬೇಕಾದರೆ ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಜಿಲ್ಲೆಯ ಮುರಾದ್‌ನಗರ, ಮೋದಿನಗರದ ಕಡೆ ಹೋಗಬೇಕು. ನವೆಂಬರ್ ಕಳೆದ ಮೇಲೆ ಮೋದಿನಗರದ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಗದ್ದೆಯಿಂದ ರಸ್ತೆಗೆ ಹತ್ತುವ ಕಡೆಯಲ್ಲೆಲ್ಲ ಚಕ್ರಕ್ಕಂಟಿದ ಜೇಡಿಮಣ್ಣು ಒಂದಷ್ಟು ದೂರ ಪಟ್ಟೆಯಾಗಿ ಬಿದ್ದಿರುತ್ತದೆ, ಮೇಲೆ ಕಬ್ಬಿನ ರವದಿ. ಬೆಳಗಿನ ಇಬ್ಬನಿಗೆ ಅದು ಜಾರುತ್ತದೆ, ಹನ್ನೊಂದರ ಬಿಸಿಲಿಗೆ ಪುಡಿಯಾಗುತ್ತದೆ, ಸಂಜೆ ಹೊಸ ಮಣ್ಣು. ಒಂದೇ ತಿರುವನ್ನು ಈ ಮೂರು ಹೊತ್ತಿನಲ್ಲೂ ಸಾಮಾನ್ಯ ವೇಗದಲ್ಲಿ ಹಾದುಹೋಗಿ ಬರೆದುಕೊಳ್ಳಿ ಎನ್ನುತ್ತೇನೆ. ಮೂರು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾಂಟೆ ಕಾರ್ಲೊದಲ್ಲಿ ಸ್ಪರ್ಧೆಯ ಕಾರಿಗಿಂತ ಮುಂಚೆ ಇನ್ನೊಂದು ಜೋಡಿಯನ್ನು ಸ್ಟೇಜಿಗೆ (ರಸ್ತೆ ಮುಚ್ಚಿ ಕಾಲ ಅಳೆಯುವ ತುಂಡಿಗೆ) ಕಳಿಸಿ, ಎಲ್ಲಿ ಮಂಜುಗಡ್ಡೆ, ಎಲ್ಲಿ ಕೆಸರು ಎಂದು ನೋಟ್ಸಿನಲ್ಲಿ ಗುರುತು ಹಾಕಿಸಿಕೊಳ್ಳುವುದು ಏಕೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

2. ರೆಕ್ಕಿಯಲ್ಲಿ ತಿರುವಿನಷ್ಟೇ ಅಂಚನ್ನೂ ನೋಡಿ.

ಸಾಮಾನ್ಯವಾಗಿ ಒಂದು ಸ್ಟೇಜಿಗೆ ರೆಕ್ಕಿಯಲ್ಲಿ, ಅಂದರೆ ಸ್ಪರ್ಧೆಗೆ ಮುಂಚಿನ ರಸ್ತೆ ಪರಿಶೀಲನೆಯಲ್ಲಿ, ಎರಡೇ ಓಟ, ಅದೂ ವೇಗದ ಮಿತಿಯೊಳಗೆ. ಮೊದಲ ಓಟದಲ್ಲಿ ಡ್ರೈವರ್ ಹೇಳುತ್ತಾನೆ, ನಾವು ಬರೆಯುತ್ತೇವೆ. ಎರಡನೆಯದರಲ್ಲಿ ನಾವು ಓದುತ್ತೇವೆ, ಅವನು ತಿದ್ದುತ್ತಾನೆ. ತಿರುವು ಎಷ್ಟು ಕಡಿದು ಎಂದು ಒಂದರಿಂದ ಆರರವರೆಗೆ ಅಂಕಿ ಕೊಡುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ಟಾರಿನಲ್ಲಿ ಜೀವ ಉಳಿಸುವುದು ಅಂಕಿಯ ಪಕ್ಕ ಬರೆಯುವ ಮಾತು.

ಮುರಾದ್‌ನಗರದಿಂದ ಮೇಲಣ ಗಂಗಾ ಕಾಲುವೆಯ ದಂಡೆಗುಂಟ ಹೋಗುವ ರಸ್ತೆಯನ್ನು ನಾನು ಪಾಠಕ್ಕೆ ಬಳಸುತ್ತೇನೆ. 1854ರಲ್ಲಿ ನೀರು ಹರಿದ ಕಾಲುವೆ ಅದು. ದಂಡೆಯ ರಸ್ತೆ ಬಹುತೇಕ ನೇರ, ಹಾಗಾಗಿ ಕಲಿಯುವವರು ಬರೆಯಲು ಏನೂ ಇಲ್ಲ ಅನ್ನುತ್ತಾರೆ. ನಿಲ್ಲಿಸಿ, ಇಳಿಸಿ ತೋರಿಸಿದಾಗ ಪುಟ ತುಂಬುತ್ತದೆ. ಮರದ ನೆರಳು ಬಿದ್ದಲ್ಲಿ ಟಾರು ಒದ್ದೆ. ತೇಪೆ ಹಾಕಿದ ಕಡೆ ಹೊಸ ಟಾರು ಕಪ್ಪಗೆ, ಒರಟಾಗಿದೆ. ಹಳೆಯದರ ಜಲ್ಲಿ ಸವೆದು ಹೊಳೆಯುತ್ತಿದೆ, ಅಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಎಡ ಅಂಚಿನಲ್ಲಿ ಟಾರಿಗೂ ಮಣ್ಣಿಗೂ ಗೇಣುದ್ದದ ಇಳಿತ, ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಅಲ್ಲಿ ಕತ್ತರಿಸಲು ಹೋದವನ ರಿಮ್ ಒಡೆಯುತ್ತದೆ. ಆಗ ನೋಟ್ಸ್ ಹೀಗಾಗುತ್ತದೆ: ‘ಹಂಡ್ರೆಡ್, ಲೆಫ್ಟ್ ಫೈವ್, ಡೋಂಟ್ ಕಟ್, ನೆರಳಲ್ಲಿ ಒದ್ದೆ, ಬೇಗ ಬ್ರೇಕ್.’ ಇಂಗ್ಲಿಷ್, ಕನ್ನಡ, ಹಿಂದಿ ಬೆರೆತರೆ ನನ್ನ ತಕರಾರಿಲ್ಲ. ಡ್ರೈವರಿನ ಕಿವಿಗೆ ಯಾವುದು ಬೇಗ ತಾಗುತ್ತದೋ ಅದೇ ಸರಿ.

ಹಿಂಡನ್ ಮೇಲ್ಸೇತುವೆ ರಸ್ತೆಯಲ್ಲೂ ಒಂದು ಪಾಠವಿದೆ. ಕಂಬಗಳ ಮೇಲಿನ ರಸ್ತೆ ಕೆಳಗಿನಿಂದಲೂ ತಣ್ಣಗಾಗುತ್ತದೆ. ಜನವರಿಯ ಬೆಳಿಗ್ಗೆ ನೆಲದ ರಸ್ತೆ ಒಣಗಿದ್ದರೂ ಅದು ಒದ್ದೆಯಿರಬಹುದು. ಸ್ಟೇಜಿನಲ್ಲಿ ಸೇತುವೆ ಬಂದಲ್ಲೆಲ್ಲ ಗುರುತು ಹಾಕಿ.

3. ದನಿ ತಿರುವಿಗಿಂತ ಮುಂದಿರಬೇಕು, ತೀರಾ ಮುಂದಲ್ಲ.

ಟಾರಿನಲ್ಲಿ ಹಿಡಿತ ಹೆಚ್ಚು, ಆದ್ದರಿಂದ ಬ್ರೇಕ್ ತಡವಾಗಿ ಬೀಳುತ್ತದೆ, ತಿರುವುಗಳು ಒಂದರ ಬೆನ್ನಿಗೊಂದು ಬರುತ್ತವೆ. ಹತ್ತು ಸಾವಿರ ತಿರುವುಗಳ ರ‍್ಯಾಲಿ ಎಂದು ಹೆಸರಾದ ಕಾರ್ಸಿಕಾದಂಥ ಕಡೆ ನ್ಯಾವಿಗೇಟರಿಗೆ ಉಸಿರು ತೆಗೆದುಕೊಳ್ಳುವ ಜಾಗವನ್ನೂ ಪುಟದಲ್ಲಿ ಹುಡುಕಿಟ್ಟುಕೊಳ್ಳಬೇಕು. ಬೇಗ ಹೇಳಿದರೆ ಡ್ರೈವರ್ ಮರೆಯುತ್ತಾನೆ, ತಡವಾದರೆ ಕೇಳಿಯೂ ಪ್ರಯೋಜನವಿಲ್ಲ. ದನಿಯಲ್ಲಿ ಗಾಬರಿ ಇರಕೂಡದು. ಕಾರು ಅಡ್ಡಡ್ಡ ಜಾರುತ್ತಿರುವಾಗಲೂ ಮುಂದಿನ ಸಾಲನ್ನು ಅದೇ ಲಯದಲ್ಲಿ ಓದಬೇಕು.

ಈ ಸೀಟಿನ ಬೆಲೆ ಗೊತ್ತಿಲ್ಲದವರಿಗೆ ನಾನು 2022ರ ಮಾಂಟೆ ಕಾರ್ಲೊ ನೆನಪಿಸುತ್ತೇನೆ. 47 ವರ್ಷದ ಸೆಬಾಸ್ಟಿಯನ್ ಲೋಬ್ ಗೆದ್ದ ಆ ರ‍್ಯಾಲಿಯಲ್ಲಿ ಪಕ್ಕದಲ್ಲಿ ಕೂತಿದ್ದವರು ಇಸಾಬೆಲ್ ಗಲ್ಮೀಶ್, ಗಣಿತದ ಶಿಕ್ಷಕಿ. 1997ರಲ್ಲಿ ಅದೇ ಮಾಂಟೆ ಕಾರ್ಲೊದಲ್ಲಿ ಫಾಬ್ರಿಜಿಯಾ ಪೊನ್ಸ್ ಗೆದ್ದ ಮೇಲೆ ವಿಶ್ವ ಚಾಂಪಿಯನ್‌ಶಿಪ್ ಸುತ್ತೊಂದನ್ನು ಗೆದ್ದ ಮಹಿಳೆ ಇವರೇ. ನಮ್ಮಲ್ಲೂ ಈ ಪರಂಪರೆ ಚಿಕ್ಕದಲ್ಲ. ಗೌರವ್ ಗಿಲ್ ದಿಲ್ಲಿಯವರು. ಏಷ್ಯಾ ಪೆಸಿಫಿಕ್ ಪ್ರಶಸ್ತಿಯನ್ನು ಮೂರು ಸಲ ಗೆದ್ದು, 2019ರಲ್ಲಿ ಮೋಟಾರ್‌ಸ್ಪೋರ್ಟ್‌ಗೆ ಮೊದಲ ಅರ್ಜುನ ಪ್ರಶಸ್ತಿ ತಂದರು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ನೋಟ್ಸ್ ಓದಿದವರು ನಮ್ಮ ಕಾಸರಗೋಡಿನ ಮೂಸಾ ಶರೀಫ್. ಗಡಿನಾಡಿನ ಒಬ್ಬರು ಈ ಸೀಟಿನಲ್ಲಿ ದಶಕಗಳ ಕಾಲ ಕೂತು ಅದಕ್ಕೆ ಮರ್ಯಾದೆ ತಂದರು. ಪತ್ರಿಕೆಗಳಲ್ಲಿ ಡ್ರೈವರಿನ ಫೋಟೊ ಮಾತ್ರ ಹಾಕುವವರ ಮೇಲೆ ನನಗೆ ನಿಜಕ್ಕೂ ಬೇಸರವಿದೆ.

4. ಗಡಿಯಾರ ನಿಮ್ಮದು.

ನಿಗದಿತ ನಿಮಿಷಕ್ಕೆ ಹಾಜರಾಗಬೇಕಾದ ಟೈಮ್ ಕಂಟ್ರೋಲಿಗೆ ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಹೋದರೆ ಪೂರ್ತಿ ಒಂದು ನಿಮಿಷ. ಟಾರ್ ರ‍್ಯಾಲಿಯಲ್ಲಿ ಗೆಲುವಿನ ಅಂತರವೇ ಎಷ್ಟೋ ಸಲ ಹತ್ತು ಸೆಕೆಂಡಿನ ಆಸುಪಾಸು. ಸ್ಟೇಜುಗಳ ನಡುವಿನ ದಾರಿಯಲ್ಲಿ ಸಾಮಾನ್ಯ ಸಂಚಾರ ನಿಯಮಗಳೇ ಅನ್ವಯ. ಪೆಟ್ರೋಲ್ ಹಾಕಿಸುವುದು, ಟೈರ್ ನೋಡುವುದು, ರೈಲ್ವೆ ಗೇಟು ಬಿದ್ದರೆ ಕಾಯುವುದು ಎಲ್ಲ ಆ ಲೆಕ್ಕದೊಳಗೇ ಆಗಬೇಕು. ಇದಕ್ಕೆ ಟಿಎಸ್‌ಡಿಗಿಂತ ಒಳ್ಳೆಯ ಗರಡಿ ಇಲ್ಲ.

5. ಟೈರು, ಬ್ರೇಕು, ಬಿಸಿ.

ಮಣ್ಣಿನ ಕಾರಿನ 15 ಇಂಚಿನ ರಿಮ್ ಟಾರಿಗೆ ಬಂದಾಗ 18 ಇಂಚಾಗುತ್ತದೆ. ಒಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರುತ್ತದೆ, ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾದು ಪೆಡಲ್ ಮೆತ್ತಗಾದರೆ ಡ್ರೈವರ್ ಬಾಯಿಬಿಡದಿದ್ದರೂ ನಮಗೆ ತಿಳಿಯಬೇಕು. ಮುಂದಿನ ಹೇರ್‌ಪಿನ್‌ಗೆ ಎಚ್ಚರಿಕೆಯನ್ನು ಒಂದು ಉಸಿರು ಮೊದಲೇ ಕೊಡಬೇಕು. ಗಟ್ಟಿ ಟೈರೋ ಮೆತ್ತನೆಯದೋ ಎಂಬ ತೀರ್ಮಾನ ಬೆಳಿಗ್ಗೆ ಸರ್ವಿಸ್ ಪಾರ್ಕಿನಲ್ಲಾಗುತ್ತದೆ, ಅದರ ಫಲ ಮಧ್ಯಾಹ್ನ ಬೆಟ್ಟದ ಮೇಲೆ ಸಿಗುತ್ತದೆ. ಹಾಗಾಗಿ ಗಾಳಿಯ ತಾಪ, ರಸ್ತೆಯ ತಾಪ, ಮೋಡ, ಯಾವ ಸ್ಟೇಜಿನಲ್ಲಿ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂಬುದೆಲ್ಲ ನ್ಯಾವಿಗೇಟರಿನ ಪುಸ್ತಕದಲ್ಲಿರಬೇಕು.

6. ಮುನ್ನಡೆ ಸಿಕ್ಕ ದಿನ ಅಂಚನ್ನು ಇನ್ನಷ್ಟು ದೂರ ಇಡಿ.

ಲೋಬ್ ಗೆದ್ದ 2022ರ ಮಾಂಟೆ ಕಾರ್ಲೊದಲ್ಲಿ ಮುನ್ನಡೆಯಲ್ಲಿದ್ದವರು ಸೆಬಾಸ್ಟಿಯನ್ ಓಜಿಯೆ. ಕೊನೆಯದಕ್ಕಿಂತ ಹಿಂದಿನ ಸ್ಟೇಜಿನಲ್ಲಿ ಅವರ ಟೈರ್ ಪಂಕ್ಚರ್ ಆಯಿತು, ಕೊನೆಯ ಅಂತರ 10.5 ಸೆಕೆಂಡ್. 2019ರ ಕಾರ್ಸಿಕಾದಲ್ಲಿ ಎಲ್ಫಿನ್ ಇವಾನ್ಸ್ ಕೊನೆಯ ಸ್ಟೇಜಿಗೆ ಹೊರಟಾಗ ಮುಂದಿದ್ದರು. ಅಲ್ಲಿ ಪಂಕ್ಚರ್, ಗೆಲುವು ಟಿಯರಿ ನೂವಿಲ್ ಪಾಲಿಗೆ. ಚಾಂಪಿಯನ್ನರ ರ‍್ಯಾಲಿಯನ್ನೇ ಒಂದು ಟೈರು ತಿರುಗಿಸಿಬಿಡುತ್ತದೆ. ಮಣ್ಣು ತಪ್ಪಿಗೆ ಸ್ವಲ್ಪ ಜಾಗ ಕೊಡುತ್ತದೆ, ಟಾರಿನ ಅಂಚಿನಾಚೆ ಕಲ್ಲಿನ ಗೋಡೆಯೋ ಕಣಿವೆಯೋ ಇರುತ್ತದೆ. 1986ರ ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ನ್ಯಾವಿಗೇಟರ್ ಸೆರ್ಜಿಯೊ ಕ್ರೆಸ್ಟೊ ತೀರಿಕೊಂಡದ್ದು ಹಾಗೆ ರಸ್ತೆ ಬಿಟ್ಟು ಬಿದ್ದ ಕಾರಿನಲ್ಲಿ. ಮುಂದಿನ ವರ್ಷದಿಂದ ಆ ಗ್ರೂಪ್ ಬಿ ವರ್ಗದ ಕಾರುಗಳೇ ನಿಂತುಹೋದವು. ಕಲಿಯಲು ಬರುವ ಪ್ರತಿಯೊಬ್ಬರಿಗೂ ಈ ಎರಡೂ ಹೆಸರನ್ನು ಹೇಳುತ್ತೇನೆ, ಎರಡನೆಯದನ್ನು ಯಾರೂ ಮರೆಯಬಾರದೆಂದು.

ಅಂಚಿನ ಹತ್ತಿರ ಎಳೆಯುವುದು ದಣಿವೂ ಹೌದು, ಮೂರನೆಯ ದಿನಕ್ಕೆ ಅದು ಕಣ್ಣಿಗೆ ಬರುತ್ತದೆ. ರಾತ್ರಿ ಆನ್‌ಬೋರ್ಡ್ ವಿಡಿಯೊ ನೋಡಿ ನೋಟ್ಸ್ ತಿದ್ದುವ ಆಸೆಗೆ ಒಂದು ಹೊತ್ತಿನ ಗಡಿ ಹಾಕಿ, ನಿದ್ದೆ ಮಾಡಿ. ಕಾರು ನಿಂತರೆ ಹಿಂದಿನವರಿಗೆ ತೋರಿಸಬೇಕಾದ, ಸೀಟಿನ ಪಕ್ಕದ ಓಕೆ ಮತ್ತು ಎಸ್‌ಒಎಸ್ ಫಲಕ ಕೈಗೆ ಸಿಗುತ್ತದೆಯೇ ಎಂದು ಪ್ರತಿ ಬೆಳಿಗ್ಗೆ ಮುಟ್ಟಿ ನೋಡಿ.

7. ರಸ್ತೆ ಊರಿನವರದು. ಅದನ್ನು ಕೇಳಿ ಪಡೆಯಬೇಕು.

ಈ ಪಾಠ ಸಂಘಟಕರಿಗೂ ಸೇರಿದ್ದು. ಭಾರತದ ಸ್ಟೇಜ್ ರ‍್ಯಾಲಿಗಳು ಹೆಚ್ಚಾಗಿ ತೋಟದ, ಕಾಡಂಚಿನ ಮಣ್ಣುದಾರಿಗೆ ಹೋಗುವುದಕ್ಕೆ ದೊಡ್ಡ ಕಾರಣ ಇದೇ. ಟಾರು ಬಿದ್ದಿದೆ ಅಂದರೆ ಆ ರಸ್ತೆಗೆ ಬಸ್ಸು, ಹಾಲಿನ ವ್ಯಾನು, ಶಾಲೆಯ ಮಕ್ಕಳು ಇದ್ದಾರೆ ಎಂದರ್ಥ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯೊಂದರ ಸ್ಟೇಜಿಗೆ ಬೈಕ್ ಬಂತು, ಸ್ಪರ್ಧೆಯ ಕಾರು ಡಿಕ್ಕಿಯಾಗಿ ಒಂದೇ ಕುಟುಂಬದ ಮೂವರು ಸತ್ತರು. ಶಿಸ್ತಿಗೆ ಹೆಸರಾದ ಜಪಾನಿನಲ್ಲೂ 2024ರ ರ‍್ಯಾಲಿಯಲ್ಲಿ ಹೊರಗಿನ ವಾಹನವೊಂದು ಒಳಹೊಕ್ಕು ಸ್ಟೇಜನ್ನೇ ರದ್ದು ಮಾಡಬೇಕಾಯಿತು. ಪ್ರತಿ ಕಾಲುದಾರಿಯ ಬಾಯಲ್ಲಿ ಮಾರ್ಷಲ್ ಇಲ್ಲದೆ ಕಾರು ಬಿಡಬಾರದು. ಇದರಲ್ಲಿ ರಾಜಿಯಿಲ್ಲ.

ಹಾಗೆಂದು ಇಲ್ಲಿ ಟಾರ್ ರ‍್ಯಾಲಿ ಆಗುವುದೇ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರತಿ ಶ್ರಾವಣದಲ್ಲಿ ಶಿವಭಕ್ತರು ಗಂಗಾಜಲ ಹೊತ್ತು ನಡೆಯುವ ಕಾಂವಡ್ ಯಾತ್ರೆಗೆಂದು ಇದೇ ಗಂಗಾ ಕಾಲುವೆಯ ರಸ್ತೆಯನ್ನು, ದಿಲ್ಲಿ–ಮೀರತ್ ದಾರಿಯನ್ನು ದಿನಗಟ್ಟಲೆ ವಾಹನಗಳಿಗೆ ಮುಚ್ಚುತ್ತಾರೆ. ಲಾರಿಗಳಿಗೆ ಬದಲಿ ಮಾರ್ಗ, ಹಳ್ಳಿಗಳಿಗೆ ಮುಂಚಿತ ಸೂಚನೆ, ತಿರುವು ತಿರುವಿಗೆ ಪೊಲೀಸ್, ನೀರು, ಆಂಬುಲೆನ್ಸ್ ಎಲ್ಲ ಇರುತ್ತದೆ. ಜನರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಅಂದಮೇಲೆ ರಸ್ತೆ ಮುಚ್ಚುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ, ರ‍್ಯಾಲಿಯವರು ಅದನ್ನು ಕೇಳಿ ಕಲಿಯಬೇಕಷ್ಟೆ. ಪಕ್ಕದ ಗ್ರೇಟರ್ ನೊಯ್ಡಾದಲ್ಲಿ 2011ರಿಂದ 2013ರವರೆಗೆ ಫಾರ್ಮುಲಾ ಒನ್, 2023ರಲ್ಲಿ ಮೋಟೊಜಿಪಿ ನಡೆಸಿದ ಬುದ್ಧ ಸರ್ಕ್ಯೂಟ್ ಇದೆ. ಬೇಲಿಯಿರುವ ಆ ಜಾಗದಲ್ಲಿ, ಸರ್ವಿಸ್ ರಸ್ತೆಗಳನ್ನೂ ಸೇರಿಸಿಕೊಂಡು, ಒಂದು ಚಿಕ್ಕ ಟಾರ್ ಸ್ಟೇಜಿನಿಂದ ಶುರುಮಾಡಬಹುದು. ನೋಟ್ಸ್ ಓದುವವರೂ ಮಾರ್ಷಲ್‌ಗಳೂ ಅಲ್ಲಿ ಒಟ್ಟಿಗೆ ತಯಾರಾಗಲಿ. ಆಮೇಲೆ ಕಾಲುವೆ ದಂಡೆಯ ಹಳ್ಳಿಗಳ ಪಂಚಾಯಿತಿಗಳ ಮುಂದೆ ಹೋಗಿ, ಕೆಲವು ತಾಸುಗಳ ಮಟ್ಟಿಗೆ ರಸ್ತೆ ಕೊಡುತ್ತೀರಾ ಎಂದು ಕೇಳೋಣ.