ಹೊಗಳಿಕೆ ಬೇಡ, ಪಾಳಿ ಕೇಳು

ಆಸ್ಪತ್ರೆಯಲ್ಲಿ ನರ್ಸಿಗೆ ಪಾಳಿ ಮುಗಿಯುತ್ತದೆ. ಬೆಳಗಿನವಳು ಮಧ್ಯಾಹ್ನದವಳಿಗೆ, ಮಧ್ಯಾಹ್ನದವಳು ರಾತ್ರಿಯವಳಿಗೆ ರೋಗಿಯ ವಿಷಯವೆಲ್ಲ ಒಪ್ಪಿಸಿ ಮನೆಗೆ ಹೊರಡುತ್ತಾಳೆ. ಲಕ್ವ ಹೊಡೆದ ಅತ್ತೆಯನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಬಂದ ದಿನವೇ ಆ ಮೂರೂ ಪಾಳಿಯನ್ನು ನೀನೊಬ್ಬಳೇ ಹೊತ್ತುಕೊಂಡೆ. ಯಾರೂ ಹೊರಿಸಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ವಾರ್ಡಿನಲ್ಲೇ ಕೂದಲು ನರೆಸಿಕೊಂಡ ನಿನ್ನ ದೊಡ್ಡಮ್ಮ ಹೇಳುತ್ತಿದ್ದೇನೆ ಮಗಳೇ, ನಿನಗೀಗ ಬೇಕಾಗಿರುವುದು ಟಾನಿಕ್ಕಲ್ಲ, ಪಾಳಿ.

ಮೊದಲು ನಿನ್ನ ಸೊಂಟದ ಮಾತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಬೆನ್ನು ಬಹಳ ಬೇಗ ಕೈಕೊಡುತ್ತದೆ. ಅತ್ತೆಯ ಕಂಕುಳಿಗೆ ಕೈ ಹಾಕಿ ಮೇಲೆಳೆಯಬೇಡ. ಬಲಹೀನವಾದ ಆ ಬಲಗೈಯನ್ನಂತೂ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವರ ಭುಜದಿಂದ ತೊಡೆಯವರೆಗೆ ಬರುವಂತೆ ಅಡಿಯಲ್ಲಿ ಹಾಸು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಸೀರೆಯನ್ನು ಹಿಡಿದು ಸರಿಸಿದರೆ ಮೈಯೂ ಉಜ್ಜುವುದಿಲ್ಲ, ನಿನ್ನ ಬೆನ್ನೂ ಉಳಿಯುತ್ತದೆ. ಕುರ್ಚಿಗೆ ಕೂರಿಸುವಾಗ ಕುರ್ಚಿಯನ್ನು ಶಕ್ತಿಯಿರುವ ಎಡಗಡೆಗೇ ಇಡು. ಮಂಡಿ ಬಗ್ಗಿಸು, ಸೊಂಟ ತಿರುಚಬೇಡ, ಅವರನ್ನು ನಿನ್ನ ಮೈಗೆ ಒತ್ತಿದಂತೆ ಹಿಡಿದುಕೋ. ಫಿಸಿಯೋ ಬಂದಾಗ ಅತ್ತೆಗಷ್ಟೇ ಅಲ್ಲ, ಎತ್ತುವುದು ಹೇಗೆಂದು ನಿನಗೂ ಕಲಿಸಿಕೊಡಲು ಕೇಳು. ಅದನ್ನು ಕೇಳುವವರೇ ಕಡಿಮೆ.

ಇನ್ನು ನಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಡಾಕ್ಟರು ಹೇಳಿದ್ದಾರೆ, ಹೌದು. ಬೆನ್ನುಮೂಳೆಯ ಬುಡ, ಹಿಮ್ಮಡಿ, ಸೊಂಟದ ಪಕ್ಕಗಳಲ್ಲಿ ಚರ್ಮ ಕೆಂಪಾಗಿ, ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಯಿತೆಂದೇ ಲೆಕ್ಕ. ಆದರೆ ನೀನು ರಾತ್ರಿಯಿಡೀ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದೀಯಲ್ಲ, ಅದು ಹೆಚ್ಚು ದಿನ ನಡೆಯುವ ಕೆಲಸವಲ್ಲ. ಏರ್ ಬೆಡ್ ಹಾಕಿಸು, ಬಾಡಿಗೆಗೂ ಸಿಗುತ್ತದೆ. ಅದನ್ನು ಹಾಕಿ, ಚರ್ಮವೂ ಚೆನ್ನಾಗಿದ್ದರೆ ರಾತ್ರಿ ಹೊತ್ತು ನಾಲ್ಕು ಗಂಟೆಗೊಮ್ಮೆ ತಿರುಗಿಸಿದರೆ ಸಾಕೇ ಎಂದು ಡಾಕ್ಟರನ್ನು ಕೇಳು. ಹಲವರಿಗೆ ಅಷ್ಟು ಸಾಕಾಗುತ್ತದೆ. ಮಧ್ಯರಾತ್ರಿಯ ಸರದಿ ನಿನ್ನ ಗಂಡನದು. ತಾಯಿಯ ಡೈಪರ್ ಬದಲಿಸಲು ಅವನಿಗೆ ಸಂಕೋಚ ಅಂದೆ. ಮಗನ ಕೈಯಲ್ಲಿ ಅದು ಬೇಡವೆಂದು ಅತ್ತೆಗೇ ಅನಿಸಿದರೆ ಆ ಮರ್ಯಾದೆ ಇರಲಿ. ಮಗ್ಗುಲು ತಿರುಗಿಸುವುದಕ್ಕೆ, ಮಾತ್ರೆ ಕೊಡುವುದಕ್ಕೆ, ಊಟ ತಿನ್ನಿಸುವುದಕ್ಕೆ ಎಂಥ ಸಂಕೋಚ? ಊಟ ಕೊಡುವಾಗ ನೆಟ್ಟಗೆ ಕೂರಿಸಿ, ತುತ್ತನ್ನು ಬಾಯಿಯ ಎಡಗಡೆ ಇಡಬೇಕು, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು, ನೀರು ಕುಡಿದಾಗ ಕೆಮ್ಮು ಬಂದರೆ ಡಾಕ್ಟರಿಗೆ ತಿಳಿಸಬೇಕು ಎಂದು ಅವನಿಗೂ ಹೇಳಿಕೊಡು. ಕಲಿಯಲಾಗದಂಥ ವಿದ್ಯೆಯೇನಲ್ಲ.

ನೆಂಟರ ವಿಷಯಕ್ಕೆ ಬರೋಣ. ಸೇಬು, ಮೂಸಂಬಿ, ಹಾರ್ಲಿಕ್ಸ್ ಬಾಟಲಿ ಮೇಜಿನ ಮೇಲಿಟ್ಟು, ಕಾಫಿ ಕುಡಿದು, 'ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು' ಎಂದು ಹೇಳಿ ಹೋಗುತ್ತಾರೆ. ಆ ಮಾತಿನಿಂದ ಒಂದು ಬೆಡ್‌ಶೀಟೂ ಒಗೆದಂತಾಗುವುದಿಲ್ಲ. ಹೊಗಳಿಸಿಕೊಂಡ ಮೇಲೆ 'ನನ್ನ ಕೈಲಾಗುತ್ತಿಲ್ಲ' ಎನ್ನಲು ಬಾಯಿ ಬರುವುದಿಲ್ಲ, ಅದೇ ಅದರ ಅಪಾಯ. 'ಏನಾದ್ರೂ ಬೇಕಿದ್ರೆ ಹೇಳಮ್ಮ' ಎಂದವರಿಗೆ ಕೂಡಲೇ ಕೆಲಸ ಹೇಳು. ಹುಬ್ಬಳ್ಳಿಯ ನಾದಿನಿಗೆ, ತಿಂಗಳಲ್ಲಿ ಒಂದು ವಾರ ಬಂದು ಇರಬೇಕು ಎನ್ನು. ಪುಣೆಯ ಮೈದುನ ಬರಲಾಗದಿದ್ದರೆ ಹಗಲು ಆಯಾಳ ಸಂಬಳ, ಫಿಸಿಯೋ ಫೀಸು ಅವನದಾಗಲಿ. ಎದುರು ಮನೆಯವರು ಗುರುವಾರ ಸಂಜೆ ನಾಲ್ಕರಿಂದ ಏಳು ಕೂರಲಿ. ಬಂದವರು ಹತ್ತು ನಿಮಿಷಕ್ಕೊಮ್ಮೆ ನಿನಗೆ ಫೋನ್ ಮಾಡದಿರಬೇಕಾದರೆ ನಾವು ವಾರ್ಡಿನಲ್ಲಿ ಮಾಡುವಂತೆ ಒಂದು ನೋಟ್‌ಬುಕ್ ಇಡು: ಮಾತ್ರೆಯ ಹೊತ್ತು, ಬಿಪಿ, ತಿಂದದ್ದು, ಮೂತ್ರ, ಮಲ, ಡಾಕ್ಟರ ನಂಬರು.

ಅತ್ತೆ ಅಳುತ್ತಾರೆ, ತಟ್ಟೆ ತಳ್ಳುತ್ತಾರೆ ಅಂದೆ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಿಗೊಬ್ಬರನ್ನು ಖಿನ್ನತೆ ಕಾಡುತ್ತದೆ, ಅದಕ್ಕೆ ಔಷಧಿಯಿದೆ. ಡಾಕ್ಟರಿಗೆ ಹೇಳದೆ 'ಅವರ ಸ್ವಭಾವವೇ ಹಾಗೆ' ಎಂದು ಸುಮ್ಮನಿರಬೇಡ. ನಿನಗೂ ಸಿಟ್ಟು ಬರುತ್ತದೆ. ಒಮ್ಮೊಮ್ಮೆ, ಇದು ಮುಗಿದರೆ ಸಾಕಪ್ಪಾ ಎಂದೂ ಅನ್ನಿಸಿರಬಹುದು. ಅನ್ನಿಸಿದ ಮಾತ್ರಕ್ಕೆ ನೀನು ಪಾಪಿಯಲ್ಲ ಕಣೇ. ನೋಡಿಕೊಳ್ಳುವವರಲ್ಲಿ ಬಹಳ ಮಂದಿಗೆ ಹಾಗನ್ನಿಸುತ್ತದೆ, ಬಾಯಿ ಬಿಟ್ಟು ಹೇಳುವವರು ವಿರಳ. ಕೈ ಮೀರುವಂತಾದರೆ ಅತ್ತೆ ಬೀಳದಂತೆ ಮಲಗಿಸಿ ಹೊರಗೆ ಬಂದು ನಿಲ್ಲು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು ಎಂದಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣು. ಅಷ್ಟು ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿಯ ನಂಬರು 14567, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡು.

ಅತ್ತೆಯ ಬಿಪಿ ದಿನಾ ನೋಡುವ ನೀನು ನಿನ್ನದನ್ನು ನೋಡಿಸಿ ಎಷ್ಟು ದಿನವಾಯಿತು? 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಎರಡನ್ನೂ ಉಚಿತವಾಗಿ ನೋಡುತ್ತಾರೆ. ನಿನ್ನ ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೊದಲು ನಿನಗೆ, ಆಮೇಲೆ ಅವರ ಕಾಫಿ.

ಈ ಭಾನುವಾರ ಗಂಡನನ್ನು ಕೂರಿಸಿಕೊಂಡು ವಾರದ ಪಾಳಿ ಬರೆ. ನಿನ್ನ ಹೆಸರಿಲ್ಲದ ಒಂದು ಪೂರ್ತಿ ಮಧ್ಯಾಹ್ನ ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ಪಟ್ಟಿಗೆ ಒಪ್ಪಬೇಡ.