ಡ್ಯಾನ್ಯೂಬ್ ನದಿಯಾನದಲ್ಲಿ ಯುದ್ಧದ ಜಾಗಗಳಿಗೆ ಹೋಗುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬುಡಾಪೆಸ್ಟ್‌ನಿಂದ ನ್ಯೂರೆಂಬರ್ಗ್‌ವರೆಗಿನ ನದಿಯಾನದಲ್ಲಿ ಅರಮನೆ, ದ್ರಾಕ್ಷಿತೋಟಗಳ ನಡುನಡುವೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಜನರನ್ನು ಕೊಂದ ಜಾಗಗಳೂ ಬರುತ್ತವೆ. ಸತ್ತವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲ್ಲಿಗೆ ಬರುತ್ತಾರೆ. ಸಾವಿನ ಮನೆಯಲ್ಲಿ ಹೇಗಿರುತ್ತೇವೋ ಅಲ್ಲಿಯೂ ಹಾಗೇ ಇರಬೇಕು. ಕೆಳಗಿನ ನಿಯಮಗಳು ಎಲ್ಲರಿಗೂ ಅನ್ವಯಿಸುತ್ತವೆ.

ಮಾಡಬೇಕಾದ್ದು

1. ಹಿಂದಿನ ರಾತ್ರಿಯೇ ಓದಿಕೊಂಡು ಹೋಗಿ. ಆಸ್ಟ್ರಿಯಾದ ಲಿಂಜ್ ಬಳಿಯ ಮೌತ್‌ಹೌಸನ್ ನಾಜಿ ಯಾತನಾ ಶಿಬಿರ 1938ರ ಆಗಸ್ಟ್‌ನಲ್ಲಿ ಶುರುವಾಯಿತು. 1945ರ ಮೇ 5ರಂದು ಅಮೆರಿಕದ ಸೈನಿಕರು ಅಲ್ಲಿಗೆ ತಲುಪುವಷ್ಟರಲ್ಲಿ ಮುಖ್ಯ ಶಿಬಿರ, ಉಪಶಿಬಿರಗಳಿಗೆ ತಂದಿದ್ದ ಸುಮಾರು 1,90,000 ಕೈದಿಗಳಲ್ಲಿ ಕನಿಷ್ಠ 90,000 ಮಂದಿ ಸತ್ತಿದ್ದರು. ಕಲ್ಲುಕ್ವಾರಿಯ 186 ಮೆಟ್ಟಿಲುಗಳನ್ನು ಕೈದಿಗಳಿಂದ ಗ್ರಾನೈಟ್ ಹೊರಿಸಿ ಹತ್ತಿಸುತ್ತಿದ್ದರು. ಇದು ತಿಳಿಯದೆ ಹೋದರೆ ಕಾಣುವುದು ಬರೀ ಕಲ್ಲುಗೋಡೆ.

2. ಮೌತ್‌ಹೌಸನ್‌ಗೆ ಕನಿಷ್ಠ ಅರ್ಧ ದಿನ ಮೀಸಲಿಡಿ. ಅದೇ ದಿನ ವೈನ್ ರುಚಿ ನೋಡುವ ಪ್ರವಾಸಕ್ಕೆ ಹೆಸರು ಕೊಡಬೇಡಿ.

3. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಶಿಬಿರಕ್ಕೆ ಕರೆದೊಯ್ಯಬೇಡಿ. ತಂದೆತಾಯಿಯರಲ್ಲಿ ಒಬ್ಬರು ಅವರೊಂದಿಗೆ ಹಡಗಿನಲ್ಲಿ ಇರಲಿ.

4. ಬುಡಾಪೆಸ್ಟ್‌ನ ದೊಹಾನಿ ಬೀದಿಯ ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಅದರ ಅಂಗಳದಲ್ಲಿ, 1944–45ರ ಚಳಿಗಾಲದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದೊಳಗೆ ಸತ್ತ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ.

5. ನ್ಯೂರೆಂಬರ್ಗ್‌ನಲ್ಲಿ ನಾಜಿಗಳು ಮೆರವಣಿಗೆ ನಡೆಸಿದ ಜೆಪ್ಪೆಲಿನ್ ಮೈದಾನವನ್ನು ಮೊದಲು ನೋಡಿ, ಆಮೇಲೆ 600ನೇ ಕೋರ್ಟ್ ಕೋಣೆಗೆ ಹೋಗಿ. 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ ನಾಜಿ ನಾಯಕರ ವಿಚಾರಣೆ ನಡೆದದ್ದು ಅಲ್ಲೇ. ಅಬ್ಬರವನ್ನಷ್ಟೇ ನೋಡಿ, ಅದಕ್ಕೆ ಲೆಕ್ಕ ಕೇಳಿದ ಜಾಗವನ್ನು ಬಿಟ್ಟು ಬರಬಾರದು.

ಮಾಡಬಾರದ್ದು

1. ಬುಡಾಪೆಸ್ಟ್‌ನ ನದಿದಂಡೆಯಲ್ಲಿರುವ 60 ಜೊತೆ ಕಬ್ಬಿಣದ ಬೂಟುಗಳಲ್ಲಿ ಕಾಲಿಡಬೇಡಿ, ಅವುಗಳ ನಡುವೆ ಕೂರಬೇಡಿ, ಒಳಗಿಟ್ಟ ಹೂವು, ಮೇಣದಬತ್ತಿ ಮುಟ್ಟಬೇಡಿ. ಹಂಗೇರಿಯ ನಾಜಿಪರ ಆರೋ ಕ್ರಾಸ್ ಪಕ್ಷದವರು ಯಹೂದಿಗಳ ಬೂಟು ಬಿಚ್ಚಿಸಿ, ಗುಂಡಿಕ್ಕಿ, ಹೆಣಗಳನ್ನು ನದಿಗೆ ಬೀಳಿಸಿದರು. 2005ರಲ್ಲಿ ಈ ಸ್ಮಾರಕ ಇಟ್ಟದ್ದು ಹೀಗೆ ಸತ್ತವರ ನೆನಪಿಗೆ.

2. ಜೆಪ್ಪೆಲಿನ್ ಮೈದಾನದ ಮೆಟ್ಟಿಲ ಮೇಲೆ ನಿಂತು ತಮಾಷೆಗೂ ಬಲಗೈ ಚಾಚಬೇಡಿ. ಜರ್ಮನಿಯಲ್ಲಿ ನಾಜಿ ವಂದನೆಗೆ ಮೂರು ವರ್ಷದವರೆಗೆ ಜೈಲು ಆಗಬಹುದು. ಆಸ್ಟ್ರಿಯಾದಲ್ಲೂ ಅದು ಅಪರಾಧ.

3. "ಏನೇ ಆಗಲಿ, ಹಿಟ್ಲರ್‌ಗೆ ಶಿಸ್ತಿತ್ತು" ಎಂಬಂಥ ಮಾತು ಕನ್ನಡದಲ್ಲೂ ಆಡಬೇಡಿ. ಆ ಹೆಸರು ಎಲ್ಲ ಭಾಷೆಯವರಿಗೂ ಕೇಳಿಸುತ್ತದೆ.

4. ಸ್ವಸ್ತಿಕವಿರುವ ಪದಕ, ಉಂಗುರ, ಶಾಲು ತೊಟ್ಟು ಹೋಗಬೇಡಿ. ಹಡಗಿನ ಕೋಣೆಯಲ್ಲೇ ಇಟ್ಟು ಬನ್ನಿ. ನಮಗೆ ಅದು ಮಂಗಳದ ಗುರುತು, ನಿಜ. ಆದರೆ ಅದನ್ನೇ ಹೋಲುವ ಗುರುತಿನ ಕೆಳಗೆ ಮನೆಯವರನ್ನು ಕಳೆದುಕೊಂಡವರ ಎದುರು ಆ ವಿವರಣೆ ಕೊಡುತ್ತ ನಿಲ್ಲುವುದು ಸಲ್ಲ.

5. ಶಿಬಿರದ ಅನಿಲ ಕೋಣೆ, ಹೆಣ ಸುಡುವ ಒಲೆಗಳ ಮುಂದೆ ಸೆಲ್ಫಿ, ಗುಂಪುಚಿತ್ರ, ವಿಡಿಯೊ ಕರೆ ಕೂಡದು. ಕುರುಕಲು ತಿಂಡಿಯ ಪೊಟ್ಟಣ ಬಿಚ್ಚಲೂ ಕೂಡದು.

6. ನೆನಪಿಗೆಂದು ಕಲ್ಲು, ತಂತಿ, ಇಟ್ಟಿಗೆ ಚೂರು ಎತ್ತಿಕೊಳ್ಳಬೇಡಿ. ಅವು ನಡೆದದ್ದಕ್ಕೆ ಉಳಿದಿರುವ ಸಾಕ್ಷ್ಯ.

7. ಗೈಡ್‌ಗಾಗಲಿ, ಹಡಗಿನ ಸಿಬ್ಬಂದಿಗಾಗಲಿ "ನಿಮ್ಮಜ್ಜ ಆಗ ಏನು ಮಾಡುತ್ತಿದ್ದರು?" ಎಂದು ಕೇಳಬೇಡಿ. ಅವರಾಗಿಯೇ ಹೇಳಿದರೆ ಕಿವಿಗೊಟ್ಟು ಕೇಳಿ.

ಈ ನಿಯಮಗಳನ್ನು ಒಪ್ಪದವರು ಆ ದಿನ ಹಡಗಿನಲ್ಲೇ ಉಳಿಯಬೇಕು. ಒಳಗೆ ಹೋದಮೇಲೆ ತಡೆಯಲಾಗದಷ್ಟು ಸಂಕಟವಾದರೆ ಗೈಡ್‌ಗೆ ತಿಳಿಸಿ ಹೊರಗೆ ಬನ್ನಿ. ಅದಕ್ಕೆ ಯಾರೂ ನಾಚಬೇಕಿಲ್ಲ.