ಚಿಕ್ಕ ಮಕ್ಕಳ ಚಿತ್ರಪುಸ್ತಕವೂ ಸ್ನೇಹದ ಪಾಠವೂ

ಪುರ್ತಗೇರಿಯೂ ಅದರ ನೆರೆಯ ಊರುಗಳೂ ಇರುವ ಈ ರೋಣ ಗಜೇಂದ್ರಗಡಗಳ ಸೀಮೆಯು ಕಥೆಗಳಿಗೆ ಹೊಸದಲ್ಲ. ಪಂಚತಂತ್ರವನ್ನು ಕನ್ನಡದಲ್ಲಿ ಬರೆದ ದುರ್ಗಸಿಂಹನು ಸಯ್ಯಡಿಯವನು; ಅದೇ ಈಗಿನ ರೋಣ ತಾಲೂಕಿನ ಸವಡಿ. 1031ರಲ್ಲಿ ಮುಗಿದ ಆ ಗ್ರಂಥದ ಐದು ತಂತ್ರಗಳಲ್ಲಿ ಒಂದರ ಹೆಸರು ಮಿತ್ರಕಾರ್ಯ. ಪಂಚತಂತ್ರದ ಕಾಗೆ, ಇಲಿ, ಆಮೆ, ಜಿಂಕೆಗಳ ಸ್ನೇಹದ ಕಥೆಯು ಈಗ ಅಕ್ಷರವನ್ನರಿಯದ ಕೂಸುಗಳಿಗೂ ಚಿತ್ರಪುಸ್ತಕಗಳಲ್ಲಿ ದೊರೆಯುತ್ತದೆ.

ಮಕ್ಕಳು ಮೊದಲು ಕಣ್ಣಿನಿಂದಲೇ ಕಲಿಯುವರೆಂಬದನ್ನು ಕೊಮೇನಿಯಸನೆಂಬ ಬೋಧಕನು ಬಹು ಹಿಂದೆಯೇ ಕಂಡುಕೊಂಡು, 1658ರಲ್ಲಿ ಅವರಿಗೋಸ್ಕರ ಚಿತ್ರಗಳುಳ್ಳ ಪಾಠಪುಸ್ತಕವನ್ನು ಪ್ರಕಟಿಸಿದನು. ಆದರೆ ಒಳ್ಳೇ ಚಿತ್ರವಿದ್ದ ಮಾತ್ರಕ್ಕೆ ಪಾಠವು ತಾನಾಗಿ ಆಗುವದೋ?

ಈ ಕಥೆಯನ್ನೇ ನೋಡಿರಿ. ಬಲೆಯಲ್ಲಿ ಸಿಕ್ಕ ಪಾರಿವಾಳಗಳನ್ನು ಇಲಿಯು ಬಿಡಿಸಿದ್ದನ್ನು ಕಾಗೆಯು ಕಂಡು, ಬಂದು ಸ್ನೇಹವನ್ನು ಬೇಡುತ್ತದೆ. ಇಲಿಯು ಬಿಲದಿಂದ ಹೊರಗೆ ಬರುವದೇ ಇಲ್ಲ. ಯಾಕಂದರೆ ಕಾಗೆಯು ಇಲಿಯನ್ನು ತಿನ್ನತಕ್ಕದ್ದು. ಬಹಳ ಮಾತುಗಳಾದ ಮೇಲೆಯೇ ಅದಕ್ಕೆ ನಂಬಿಕೆ ಹುಟ್ಟುತ್ತದೆ. ಕೂಸುಗಳಿಗೆ ಬೇಸರವಾದೀತೆಂದು ಈ ಭಾಗವನ್ನು ಬಿಟ್ಟು, ಮೊದಲನೆಯ ಹಾಳೆಯಲ್ಲೇ ನಾಲ್ವರನ್ನೂ ಗೆಳೆಯರನ್ನಾಗಿ ಕೂರಿಸುವ ಪುಸ್ತಕಗಳು ನನ್ನ ಮನಸ್ಸಿಗೆ ಬರುವದಿಲ್ಲ. ಅಂಗನವಾಡಿಗೆ ಹೊಸದಾಗಿ ಬಂದು ಮೂಲೆಯಲ್ಲಿ ಒಬ್ಬಳೇ ಕುಳಿತ ಹುಡುಗಿಯು ಆ ಬಿಲದೊಳಗಿನ ಇಲಿಯೇ ಅಲ್ಲವೋ? ಹೆದರಿದವಳು ಕೆಟ್ಟವಳಲ್ಲ, ಕರೆದವರು ಸ್ವಲ್ಪ ಕಾಯಬೇಕು, ಎಂಬದನ್ನು ಮಕ್ಕಳು ಆ ಒಂದು ಚಿತ್ರದಿಂದ ತಿಳಿದಾರು.

ಮುಂದೆ ಜಿಂಕೆಯು ಬಲೆಗೆ ಬೀಳುತ್ತದೆ. ಕಾಗೆಯು ಹಾರಿ ಹುಡುಕುತ್ತದೆ, ಇಲಿಯು ಬಲೆಯನ್ನು ಕಡಿಯುತ್ತದೆ. ಆಮೆಯೋ ಮನಸ್ಸು ತಡೆಯದೆ ತೆವಳುತ್ತಾ ಬಂದು ತಾನೇ ಬೇಡನ ಕೈಗೆ ಸಿಕ್ಕುತ್ತದೆ! ಆಗ ಜಿಂಕೆಯು ಸತ್ತಂತೆ ಬಿದ್ದುಕೊಂಡು ಬೇಡನನ್ನು ಅತ್ತ ಸೆಳೆಯಲು, ಇಲಿಯು ಆಮೆಯ ಕಟ್ಟನ್ನು ಕಡಿಯುತ್ತದೆ. ಆಮೆಯು ಬಂದದ್ದು ಬುದ್ಧಿಯೋ ಹುಚ್ಚೋ ಎಂದು ಮಕ್ಕಳನ್ನು ಕೇಳಿರಿ. ಉತ್ತರವನ್ನು ನೀವೇ ಹೇಳಿಬಿಡಬೇಡಿರಿ.

ಪುಸ್ತಕವೆಲ್ಲಿ ಎಂದು ಕೇಳುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಕ್ರಯವಿಲ್ಲದೆ ಸಿಕ್ಕುತ್ತವೆ. ಒಬ್ಬರ ಫೋನು ಸಾಕು. ಆದರೆ ಅದು ಚಿಕ್ಕದು, ಮಕ್ಕಳು ನೂಕಾಡುವರು; ಮೂವರು ನಾಲ್ವರನ್ನೇ ಕೂರಿಸಿಕೊಳ್ಳಿರಿ. ಬೆರಳಿಟ್ಟು "ಇಲ್ಲಿ ಯಾರು ಕಾಣುವದಿಲ್ಲ?" ಎಂದು ಕೇಳಿ, ಅವರು ಹುಡುಕಿ ಹೇಳುವ ವರೆಗೆ ಮುಂದಿನ ಹಾಳೆಗೆ ಹೋಗಬೇಡಿರಿ.